ಕಾಕಾಸಾಹೇಬರು ಮಾಡಿದ ಆರು ಪಾಲು

ಭೋಜ ಊರಿನಲ್ಲಿ ಅಣ್ಣತಮ್ಮಂದಿರ ನಡುವೆ ಮಾತು ಕೆಟ್ಟರೆ ಜನ ಪೊಲೀಸರ ಹತ್ತಿರ ಹೋಗುತ್ತಿರಲಿಲ್ಲ, ಚಿಕ್ಕೋಡಿಯ ವಕೀಲರ ಹತ್ತಿರವೂ ಹೋಗುತ್ತಿರಲಿಲ್ಲ. ನೆಟ್ಟಗೆ ಕಾಕಾಸಾಹೇಬ ಮಗದುಮ್ಮರ ಕಟ್ಟೆಗೆ ಬಂದು ಕೂಡುತ್ತಿದ್ದರು. ವಾಟ್ನಿ, ಅಂದರೆ ಆಸ್ತಿ ಪಾಲು ಮಾಡುವ ಕೆಲಸದಲ್ಲಿ ಅವರನ್ನು ಮೀರಿಸುವವರು ಸುತ್ತ ಹತ್ತು ಹಳ್ಳಿಯಲ್ಲಿ ಹುಟ್ಟಿರಲಿಲ್ಲ. ಹೊಲ, ಮನೆ, ಭಾವಿ, ಎತ್ತು, ಹಿತ್ತಾಳೆ ಹಂಡೆ, ಯಾವುದಾದರೂ ಸರಿ. ಒಮ್ಮೆ ಒಂದು ಹುಣಸೆ ಮರವನ್ನು ಟೊಂಗೆ ಟೊಂಗೆಯಾಗಿ ಹಂಚಿ, ನಾಲ್ವರು ಅಣ್ಣತಮ್ಮಂದಿರನ್ನು ನಗುನಗುತ್ತ ಮನೆಗೆ ಕಳಿಸಿದ ಮಹಾನುಭಾವರು.

ಇಂಥವರ ಸ್ವಂತ ಮನೆ ಮಾತ್ರ ಒಡೆದಿರಲಿಲ್ಲ. ತಮ್ಮ ಬಾಳಾಸಾಬ ಹೊಲ ಮತ್ತು ಎಮ್ಮೆ ನೋಡಿಕೊಳ್ಳುತ್ತಿದ್ದ, ಕಾಕಾಸಾಹೇಬರು ಊರು ನೋಡಿಕೊಳ್ಳುತ್ತಿದ್ದರು. ಹೆಂಡತಿ ಕಮಲಾಬಾಯಿ ಮತ್ತು ಬಾಳಾಸಾಬನ ಹೆಂಡತಿ ಅಕ್ಕುತಾಯಿ ಇಪ್ಪತ್ತೈದು ವರ್ಷದಿಂದ ಒಂದೇ ಒಲೆಯ ಮುಂದೆ ಕೂತು, ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದು ದಿನವೂ ಜಗಳವಾಡಿ, ದಿನವೂ ಒಟ್ಟಿಗೆ ಉಣ್ಣುತ್ತಿದ್ದರು.

ಸಾವಿರದ ಒಂಬೈನೂರಾ ಎಂಬತ್ತೇಳನೆಯ ಇಸವಿಯ ಜನೆವರಿಯಲ್ಲಿ ಹೈಸ್ಕೂಲಿನ ಗ್ಯಾದರಿಂಗಿಗೆ, ಅಂದರೆ ವಾರ್ಷಿಕ ಸಮಾರಂಭಕ್ಕೆ, ಅವರನ್ನು ಅಧ್ಯಕ್ಷರನ್ನಾಗಿ ಕರೆಯಲು ಹೆಡ್‌ಮಾಸ್ತರರು ಬಂದರು. ಕರೆದವರು ಸುಮ್ಮನೆ ಹೋಗಬೇಕಿತ್ತು. ಎದ್ದು ಚಪ್ಪಲಿ ಮೆಟ್ಟುವಾಗ ಒಂದು ಮಾತು ಸೇರಿಸಿದರು.

"ಎರಡ ಮಾತ ಆಡಿದ್ರ ಸಾಕ್ರಿ. ಚಿಕ್ಕೋಡಿಯಿಂದ ಎಜುಕೇಶನ್ ಸಾಹೇಬ್ರು ಬರತಾರ, ಇಂಗ್ಲಿಷಿನಾಗ ನಾವು ಮಾತಾಡ್ತೀವಿ. ನೀವು ಕನ್ನಡದಾಗ ಆಡ್ರಿ."

ಕಾಕಾಸಾಹೇಬರ ಮೀಸೆ ಅಲುಗಿತು.

"ಯಾಕ್ರಿ, ನಮಗ ಇಂಗ್ಲಿಷ್ ಬರೂದಿಲ್ಲಂತ ತಿಳದೀರೇನು? ಸಣ್ಣಾಂವ ಇದ್ದಾಗಿಂದ ಬರತೈತಿ. ನೀವ ಒಂದ ಶಬ್ದಾ ಆರಿಸ್ರಿ. ಉದ್ದಂದ ಆರಿಸ್ರಿ. ಕನ್ನಡದ ನಡುವ ಅದನ್ನ ಹೊಡದ ತೋರಸ್ತೀನಿ."

ಅವರಿಗೆ ಬರುತ್ತಿದ್ದ ಇಂಗ್ಲಿಷು ವಿಟ್ನೆಸ್, ಸರ್ವೆ ನಂಬರ್ ಮತ್ತು ಸತ್ತವರ ಹೆಸರಿನ ಹಿಂದೆ ಬರೆಯುವ ಲೇಟ್, ಇಷ್ಟೇ. ಹೆಡ್‌ಮಾಸ್ತರರು ಮರುದಿನ ಒಂದು ಚೀಟಿ ಕಳಿಸಿದರು. ಅದರಲ್ಲಿ ಒಂದೇ ಒಂದು ಶಬ್ದವಿತ್ತು: ರಿಸ್ಪಾನ್ಸಿಬಿಲಿಟಿ.

ಆ ದಿನ ಕಾಕಾಸಾಹೇಬರ ನಾಲಿಗೆ ಪಟ್ಟ ಪಾಡು ಹೇಳತೀರದು. ಶುರು ಮಾಡಿದರೆ ನಡುವೆ ಸಿಕ್ಕಿಕೊಳ್ಳುತ್ತಿತ್ತು, ನಡುವಿನಿಂದ ಶುರು ಮಾಡಿದರೆ ಮೊದಲು ಮರೆಯುತ್ತಿತ್ತು. ಕೊನೆಗೆ ಬಸದಿಯ ಹಿಂದೆ ಬಾಡಿಗೆ ಖೋಲಿಯಲ್ಲಿದ್ದ ಶಾಂತಿನಾಥ ಮಾಸ್ತರರ ಬಾಗಿಲು ಬಡಿದರು. ಶಾಂತಿನಾಥ ಮಾಸ್ತರರು ಅಥಣಿ ಕಡೆಯವರು, ಎಳೆಯ ವಯಸ್ಸು, ಇಂಗ್ಲಿಷ್ ಕಲಿಸುವವರು.

"ಯಾರ ಮುಂದೂ ಬಾಯಿ ಬಿಡೂದಿಲ್ಲಂತ ಆಣಿ ಮಾಡ್ರಿ, ಮಾಸ್ತರ್ರ," ಎಂದರು ಕಾಕಾಸಾಹೇಬರು. ಮಾಸ್ತರರು ಆಣೆ ಮಾಡಿದ ಮೇಲೆಯೇ ಚೀಟಿ ಹೊರಗೆ ಬಂತು.

"ಇಷ್ಟ ಉದ್ದನ್ನ ಶಬ್ದಾ ಇಡೀದ ನುಂಗಬಾರದ್ರಿ," ಎಂದರು ಮಾಸ್ತರರು. "ಇದನ್ನ ಒಡೀಬೇಕು. ಪಾಲ ಮಾಡಬೇಕು."

ಕಾಕಾಸಾಹೇಬರು ನೆಟ್ಟಗಾದರು. "ಏನಂದ್ರಿ? ಪಾಲ?"

"ಹೌದ್ರಿ. ರಿ, ಸ್ಪಾನ್, ಸಿ, ಬಿಲ್, ಇ, ಟಿ. ಆರು ತುಂಡು. ಒಂದೊಂದು ತುಂಡಿನಾಗ ಒಂದೊಂದು ಸ್ವರ ಇರಬೇಕು. ಸ್ವರ ಇಲ್ಲದ ತುಂಡು ಬದುಕೂದಿಲ್ರಿ."

"ಅಂದ್ರ ಪಾಲಿಗೊಂದು ಭಾವಿ."

"ಹಂಗ ಅನ್ರಿ. ಕಡೀ ತುಂಡಿನಾಗ ಮಾತ್ರ ಖರೇ ಸ್ವರ ಇಲ್ಲ. ವೈ ಅನ್ನೂ ಅಕ್ಷರ ಅದರ ಕೆಲಸಾ ಮಾಡತೈತಿ."

"ಬೋರವೆಲ್ ಹೊಡಿಸ್ಯಾರ. ತಿಳೀತು. ಮುಂದ ಹೇಳ್ರಿ."

ಮಾಸ್ತರರಿಗೆ ಹುರುಪು ಬಂತು. ಶಬ್ದದ ಹುಟ್ಟನ್ನೂ ಬಿಡಿಸಿ ಹೇಳಿದರು. ರಿಸ್ಪಾನ್ಸ್ ಎಂಬುದು ಮೂಲ, ಇಬಲ್, ಇಟಿ ಎಂಬ ಬಾಲಗಳು ಆಮೇಲೆ ಅಂಟಿದವು. ಕಾಕಾಸಾಹೇಬರು ತೊಡೆ ತಟ್ಟಿಕೊಂಡರು. "ಒಂದು ಪಿತ್ರಾರ್ಜಿತ, ಇನ್ನೊಂದು ಸ್ವಯಾರ್ಜಿತ!" ಮರುಕ್ಷಣವೇ ಅವರ ಹುಬ್ಬು ಗಂಟಾಯಿತು. "ತಡೀರಿ. ಸ್ಪಾನ್ ಒಂದ ಕಡೆ, ಸಿ ಒಂದ ಕಡೆ ಅಂದ್ರ ಬದು ಪಿತ್ರಾರ್ಜಿತ ಹೊಲದ ನಟ್ಟನಡುವ ಹಾಯ್ತಲ್ರಿ! ಯಾವ ಪಂಚರು ಮಾಡಿದ್ದಿದು?"

"ಇಂಗ್ಲಿಷರು ಮಾಡಿದ್ದ್ರಿ."

"ಅದಕ್ಕ ಊರ ಬಿಟ್ಟ ಹೋಗೂ ವ್ಯಾಳ್ಯಾ ಬಂತು ಅವರಿಗೆ."

ಎಲ್ಲಕ್ಕಿಂತ ಕಷ್ಟವಾದದ್ದು ಕೊನೆಯ ಪಾಠ. ನಾಲ್ಕನೆಯ ತುಂಡಿನ ಮೇಲೆ ಭಾರ ಹಾಕಿ ಹೇಳಬೇಕು, ಉಳಿದವನ್ನು ಹಗುರಾಗಿ ಬಿಡಬೇಕು ಎಂದರು ಮಾಸ್ತರರು. ಮೂವತ್ತು ವರ್ಷ ಸಮಪಾಲು ಮಾಡಿದ ಮನುಷ್ಯನಿಗೆ ಇದು ಹೊಟ್ಟೆಗೆ ಇಳಿಯುವ ಮಾತೇ?

"ಒಬ್ಬಗ ಹೆಚ್ಚ ಕೊಟ್ರ ಉಳದ ಐದು ಮಂದಿ ಸುಮ್ಮನ ಕೂಡ್ತಾರೇನ್ರಿ?"

"ಇಂಗ್ಲಿಷಿನಾಗ ಕೂಡ್ತಾರ್ರಿ. ಸಣ್ಣ ದನಿ ಮಾಡಕೊಂಡ ಹಿಂದ ಸರೀತಾರ."

"ಶಾಣ್ಯಾ ಮಂದಿ," ಎಂದು ಕಾಕಾಸಾಹೇಬರು ಆ ಐದು ತುಂಡುಗಳ ಬಗ್ಗೆ ಮನಸಾರೆ ಗೌರವ ತಾಳಿ ಮನೆಗೆ ಬಂದರು.

ಬಂದವರು ಬೀದಿ ಕಡೆಯ ಖೋಲಿಯ ಬಾಗಿಲು ಹಾಕಿಕೊಂಡರು. ಬಿಳಿ ಹಾಳೆಯ ಮೇಲೆ ಅವರ ಕೈ ಓಡುತ್ತಿರಲಿಲ್ಲ, ರೂಢಿ ಇರಲಿಲ್ಲ. ಪೆಟ್ಟಿಗೆಯಲ್ಲಿ ಯಾರದೋ ವಾಟ್ನಿಯಲ್ಲಿ ಉಳಿದ ಒಂದು ಛಾಪಾಕಾಗದ ಇತ್ತು. ಅದನ್ನು ತೆಗೆದು, ಶ್ರೀ ಎಂದು ಬರೆದು, ಶಬ್ದವನ್ನು ಪಾಲು ಒಂದು, ಪಾಲು ಎರಡು ಎಂದು ದಿಕ್ಕುದಿಕ್ಕಿನ ಚಕ್ಕುಬಂದಿ ಸಮೇತ ಬರೆದರು. ಕಣ್ಣಿಗೆ ಕಾಣಲಿ ಎಂದು ನೆಲದ ಮೇಲೆ ಜೋಳದ ಆರು ಗುಡ್ಡೆ ಮಾಡಿ, ನಾಲ್ಕನೆಯದಕ್ಕೆ ಇನ್ನೊಂದು ಬೊಗಸೆ ಸುರಿದರು. ಆಮೇಲೆ ಗುಡ್ಡೆಯಿಂದ ಗುಡ್ಡೆಗೆ ಬೆರಳಿಡುತ್ತ ಅಭ್ಯಾಸಕ್ಕೆ ಕೂತರು.

"ಮದಲನೇದು ಹಗರ, ಎರಡನೇದು ಹಗರ, ಮೂರನೇದು ಹಗರ, ನಾಲ್ಕನೇದಕ್ಕ ಭಾರ. ಗ್ಯಾದರಿಂಗ್ ತನಕಾ ಯಾರಿಗೂ ಸುಳುವ ಹತ್ತಬಾರದು."

ಸುಳಿವು ಆಗಲೇ ಕಿಟಕಿಯ ಹೊರಗೆ ನಿಂತಿತ್ತು. ನೆರೆಮನೆಯ ದುಂಡವ್ವ ಮೊಸರಿಗೆ ಹೆಪ್ಪು ಕೇಳಲು ಬಂದವಳು ಬಟ್ಟಲು ಹಿಡಿದುಕೊಂಡೇ ನಿಂತುಬಿಟ್ಟಿದ್ದಳು. ಬಾಗಿಲು ಹಾಕಿದೆ, ಛಾಪಾಕಾಗದ ಹರಡಿದೆ, ಆರು ಪಾಲು ಆಗಿವೆ. ದುಂಡವ್ವ ಹೆಪ್ಪು ಕೇಳದೆ ಸೀದಾ ಹಿಟ್ಟಿನ ಗಿರಣಿಗೆ ಹೋದಳು. ಬೀಸಲು ಅವಳ ಹತ್ತಿರ ಒಂದು ಕಾಳೂ ಇರಲಿಲ್ಲ.

"ಮಗದುಮ್ಮರ ಮನಿ ಒಡೀತು," ಎಂದಳು. "ಆರ ಪಾಲು. ನಾನ ಕಣ್ಣಾರೆ ನೋಡೀನಿ."

ಗಿರಣಿಯಲ್ಲಿ ಲೆಕ್ಕ ಶುರುವಾಯಿತು. ಅಣ್ಣತಮ್ಮಂದಿರು ಇಬ್ಬರು. ರಾಯಬಾಗಕ್ಕೆ ಕೊಟ್ಟ ತಂಗಿ ಸುಗಂಧಾಳನ್ನು ಹಿಡಿದರೆ ಮೂರು. ಇನ್ನು ಮೂರು ಯಾರವು? ಭಾರವಾದ ಆ ನಾಲ್ಕನೆಯದು ಯಾರದು? ಒಂದು ತಾಸಿನೊಳಗೆ ಕಾಕಾಸಾಹೇಬರಿಗೆ ಇಚಲಕರಂಜಿಯಲ್ಲಿ ಇನ್ನೊಂದು ಸಂಸಾರ ಹುಟ್ಟಿತು. ಎರಡು ತಾಸಿನೊಳಗೆ ಅದರಲ್ಲಿ ಮೂರು ಮಕ್ಕಳಾದವು. ಸಂಜೆಯ ಹೊತ್ತಿಗೆ ಹಿರಿಯ ಮಗ ಪಾವರ್‌ಲೂಮ್ ಕೆಲಸಕ್ಕೂ ಹತ್ತಿದ್ದ, ಒಳ್ಳೆ ಹುಡುಗ, ಚಟ ಇಲ್ಲ ಎಂದು ಜನ ಹೊಗಳುತ್ತಿದ್ದರು.

ಕಮಲಾಬಾಯಿ ಊಟಕ್ಕೆ ತಾಟು ಇಟ್ಟವಳು ತಾಟು ಬಿಡಲೇ ಇಲ್ಲ.

"ಆ ನಾಲ್ಕನೇದು ಯಾರದು, ಅದನ್ನಷ್ಟ ಹೇಳ್ರಿ."

ಕಾಕಾಸಾಹೇಬರು ತಾಟಿಗೆ ಚಾಚಿದ ಕೈ ಹಿಂದೆ ತೆಗೆದರು. ಮಾಸ್ತರ ಆಣೆ ಮುರಿದ ಎಂದುಕೊಂಡರು. "ನಿನಗ ಯಾರ ಹೇಳಿದ್ರು?"

"ಊರಿಗೇ ಗೊತ್ತೈತಿ. ಅದಕ್ಕ ಯಾಕ ಹೆಚ್ಚ ಕೊಟ್ಟೀರಿ?"

"ನನ್ನ ಕೈಯಾಗ ಇಲ್ಲ ಅದು. ಭಾರ ಅದರ ಮ್ಯಾಲ ಬೀಳಬೇಕಂತ ಇಂಗ್ಲಿಷರ ಕಾಲದಿಂದ ನಡದ ಬಂದೈತಿ."

"ಇಂಗ್ಲಿಷರ ಕಾಲದಿಂದ!" ಕಮಲಾಬಾಯಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. "ಅಂದ್ರ ನನ್ನ ಲಗ್ನಕ್ಕಿಂತ ಮದಲ!"

ತಾಟು ಒಳಗೆ ಹೋಯಿತು. ಒಂದು ಶಬ್ದ ಕಲಿತಿದ್ದಕ್ಕೆ ಹೆಂಡತಿ ಇಷ್ಟು ಯಾಕೆ ನೊಂದಳು ಎಂದು ಕಾಕಾಸಾಹೇಬರಿಗೆ ಬಗೆಹರಿಯಲಿಲ್ಲ. ಮನೆಯಲ್ಲಿ ಗಂಡ ಮುಂದೆ ಹೋಗುವುದು ಕೆಲವು ಹೆಂಗಸರಿಗೆ ಸೇರುವುದಿಲ್ಲ ಎಂದು ತಿಳಿದು ಹಸಿದೇ ಮಲಗಿದರು.

ಮರುದಿನ ತಲಾಟಿ ಬಂದ. ಊರಿನ ಹೊಲಗಳ ದಾಖಲೆ ಇಡುವ ಸರಕಾರಿ ಮನುಷ್ಯ, ದಫ್ತರ ಬಗಲಲ್ಲೇ ಇತ್ತು.

"ಕೆಲಸ ಎಲ್ಲಿ ತನಕಾ ಬಂತ್ರಿ, ಕಾಕಾಸಾಹೇಬ್ರ?"

ಈತನಿಗೂ ಗೊತ್ತಾಯಿತೇ! "ಒಡದ ಮುಗೀತ್ರಿ. ಆರ ಆಗ್ಯಾವ. ಇನ್ನ ಬಾಯಿಲೆ ಹೇಳೂದೊಂದ ಉಳದೈತಿ. ನೀವ ಯಾರ ಮುಂದೂ ಅನಬ್ಯಾಡ್ರಿ, ಗ್ಯಾದರಿಂಗ್ ದಿನಾ ಮೈಕಿನಾಗ ಹೇಳಾಂವ ಅದೀನಿ."

"ಮೈಕಿನಾಗ!" ತಲಾಟಿ ಕನ್ನಡಕ ತೆಗೆದು ಒರೆಸಿಕೊಂಡ. ಹದಿನೆಂಟು ವರ್ಷದ ನೌಕರಿಯಲ್ಲಿ ಇಂಥ ಧೈರ್ಯದ ವಾಟ್ನಿ ಅವನು ನೋಡಿರಲಿಲ್ಲ. "ಬಾಳಾಸಾಬಗರೆ ಹೇಳೀರೇನ್ರಿ?"

"ಅವಗ್ಯಾಕ್ರಿ? ಅವಗೇನ ತಿಳೀತೈತಿ ಇದರಾಗಿಂದು?"

ಹಿತ್ತಲಲ್ಲಿ ಎಮ್ಮೆಗೆ ಹಸಿ ಹುಲ್ಲು ಹಾಕುತ್ತಿದ್ದ ಬಾಳಾಸಾಬನ ಕಿವಿಗೆ ಈ ಮಾತು ಬಿತ್ತು. ಅವನು ಮೊದಲೇ ಮಾತು ಕಮ್ಮಿ. ಹುಲ್ಲಿನ ಹೊರೆ ಅಲ್ಲೇ ಕೆಳಗಿಟ್ಟ.

ಸುದ್ದಿ ರಾಯಬಾಗಕ್ಕೂ ಮುಟ್ಟಿತ್ತು, ಮಧ್ಯಾಹ್ನದ ಬಸ್ಸಿಗೆ ಸುಗಂಧಾ ಬಂದಿಳಿದಳು. ಮನೆಯಲ್ಲಿ ಕಮಲಾಬಾಯಿ ಮತ್ತು ಅಕ್ಕುತಾಯಿ ಉಪ್ಪಿನಕಾಯಿಯ ಭರಣಿಯನ್ನು ನಡುವೆ ಇಟ್ಟುಕೊಂಡು, ಎರಡು ಬೋಗುಣಿಗೆ ಹಂಚಲು ಕೂತಿದ್ದರು. ಒಂದು ಹೋಳು ಇವಳಿಗೆ, ಒಂದು ಹೋಳು ಅವಳಿಗೆ. ನಾಲ್ಕನೆಯ ಹೋಳಿಗೆ ಅಕ್ಕುತಾಯಿಯ ಕೈ ನಿಂತಿತು.

"ಅಕ್ಕಾ, ನಾಳೆ ನಾ ಉಪ್ಪ ಹೆಚ್ಚ ಹಾಕಿದ್ರ ಬೈಯಾವರು ಯಾರು?" ಎಂದಳು.

ಕಮಲಾಬಾಯಿ ಅವಳನ್ನು ತಬ್ಬಿಕೊಂಡು ಗೊಳೋ ಎಂದಳು. ಸುಗಂಧಾ ತನ್ನ ಪಾಲು ಗಟ್ಟಿ ಮಾಡಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದವಳು, ಅದನ್ನೆಲ್ಲ ಮರೆತು ತಾನೂ ಅಳಲು ಕೂತಳು. ದನಿ ಕೇಳಿ ಕಾಕಾಸಾಹೇಬರು ಖೋಲಿಯ ಚಿಲಕ ತೆಗೆದು ಹೊರಬಂದರು.

"ಯಾರ ಹೋದ್ರಬೇ?"

"ಬಾಳಣ್ಣ ಹೋದ," ಎಂದಳು ಸುಗಂಧಾ. "ಮುದಿ ಎಮ್ಮಿ ಹೊಡಕೊಂಡ ಹೊಲದ ಗುಡಸಲಕ್ಕ ಹೋಗ್ಯಾನ. ಅಲ್ಲೇ ಒಲಿ ಹೂಡತಾನಂತ. ನೀ ವಾಟ್ನಿ ಮಾಡೀದಿ ಅಂತಲ್ಲ, ಅಣ್ಣಾ?"

"ಯಾರ ವಾಟ್ನಿ?"

"ನಮ್ಮದು."

ಕಾಕಾಸಾಹೇಬರು ಕಂಬ ಹಿಡಿದು ಕೂತರು. ಮೂವತ್ತು ವರ್ಷ ಬೇರೆಯವರ ಮನೆಯಲ್ಲಿ ಕೇಳಿದ್ದ ಮಾತು ಅದು, ತಮ್ಮ ಮನೆಯ ಕಂಬದ ಕೆಳಗೆ ಕೇಳಿದರೆ ಹೀಗಿರುತ್ತದೆಂದು ಗೊತ್ತಿರಲಿಲ್ಲ. ಮರುಕ್ಷಣ ಎದ್ದು, ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಹೊಲದ ದಾರಿ ಹಿಡಿದರು. ಹಿಂದೆ ಹೆಂಗಸರು, ಅವರ ಹಿಂದೆ ತಲಾಟಿ, ಅವನ ಹಿಂದೆ ದುಂಡವ್ವ, ದುಂಡವ್ವನ ಹಿಂದೆ ಅರ್ಧ ಊರು. ದಾರಿಯಲ್ಲಿ ಹೆಡ್‌ಮಾಸ್ತರರೂ ಸೈಕಲ್ ತಳ್ಳುತ್ತ ಸೇರಿಕೊಂಡರು.

ಕಬ್ಬಿನ ಹೊಲದ ಗುಡಿಸಲ ಮುಂದೆ ಬಾಳಾಸಾಬ ಮೂರು ಕಲ್ಲಿಟ್ಟು ಬೆಂಕಿ ಊದುತ್ತಿದ್ದ. ಹಸಿ ಕಟ್ಟಿಗೆ, ಬರೀ ಹೊಗೆ. ಅವನ ಕಣ್ಣಲ್ಲಿ ನೀರು ಬಂದದ್ದು ಹೊಗೆಗೆ ಎಂದು ಅವನೇ ಎಲ್ಲರಿಗೂ ಹೇಳಿದ.

"ಬಾಳ್ಯಾ, ಇದೇನಲೇ?"

"ಊರಿಗೆಲ್ಲಾ ಪದ್ಧತಿ ಕಲಿಸಿದಾಂವ ನೀನ, ಅಣ್ಣಾ. ಹಿರಿಯಾಂವ ಪಾಲ ಮಾಡಬೇಕು, ಕಿರಿಯಾಂವ ಮದಲ ಆರಿಸಬೇಕು. ಆರಿಸಿದ್ದಕ್ಕ ಇನ್ನೊಬ್ಬಾಂವ ಕೈ ಹಚ್ಚಬಾರದು. ನೀ ಮಾಡೀದಿ, ನಾ ಆರಿಸೀನಿ. ಈ ಎಮ್ಮಿ ನಂದು. ಉಳದದ್ದೆಲ್ಲಾ ನಿಂದು, ಮತ್ತ ಆ ಇಚಲಕರಂಜಿಯವರದು."

"ಯಾವ ಇಚಲಕರಂಜಿ?"

"ಪಾವರ್‌ಲೂಮಿನಾಗ ಅದಾನಲ್ರಿ ನಿಮ್ಮ ಹಿರೇ ಮಗಾ!" ದುಂಡವ್ವ ಹಿಂದಿನಿಂದ ನೆನಪು ಮಾಡಿಕೊಟ್ಟಳು.

ಕಾಕಾಸಾಹೇಬರ ಅಂಗಿಯ ಕಿಸೆಯಲ್ಲಿ ಛಾಪಾಕಾಗದವಿತ್ತು. ಅದನ್ನು ತೆಗೆದರೆ ಗ್ಯಾದರಿಂಗಿನ ಅಧ್ಯಕ್ಷನಿಗೆ ಒಂದು ಇಂಗ್ಲಿಷ್ ಶಬ್ದ ಬಾಯಿಗೆ ಬರುವುದಿಲ್ಲ ಎಂದು ಅರ್ಧ ಊರಿಗೆ ಈಗಲೇ, ಇನ್ನರ್ಧ ಊರಿಗೆ ಸಂಜೆಯೊಳಗೆ ಗೊತ್ತಾಗುತ್ತದೆ. ಹೆಡ್‌ಮಾಸ್ತರರು ಎದುರಿಗೇ ನಿಂತಿದ್ದರು. ಬಾಳಾಸಾಬ ಹೊಗೆಯಾಡುವ ಒಲೆಯ ಮೇಲೆ ಒಬ್ಬನಿಗೆ ಸಾಲುವಷ್ಟು ಸಣ್ಣ ಗಡಿಗೆ ಇಟ್ಟ. ಕಾಕಾಸಾಹೇಬರಿಗೆ ಅದನ್ನು ನೋಡಲಾಗಲಿಲ್ಲ. ಕಾಗದ ಎಳೆದು ತಲಾಟಿಯ ಕೈಗೆ ತುರುಕಿದರು.

"ಓದ್ರಿ. ಎಲ್ಲಾರಿಗೂ ಕೇಳೂಹಂಗ ಓದ್ರಿ."

ತಲಾಟಿ ಗಂಟಲು ಸರಿಮಾಡಿಕೊಂಡ. "ಶ್ರೀ. ಬರೆದಿಟ್ಟ ಪಾಲುಪತ್ರ. ಇಂಗ್ಲಿಷ್ ಪೈಕಿ ರಿಸ್ಪಾನ್ಸಿಬಿಲಿಟಿ ಎಂಬ ಶಬ್ದ ಒಂದು. ಪಾಲು ಒಂದು, ರಿ. ಇದಕ್ಕೆ ಪಶ್ಚಿಮಕ್ಕೆ ಖಾಲಿ ಜಾಗ, ಪೂರ್ವಕ್ಕೆ ಸ್ಪಾನ್. ಪಾಲು ನಾಲ್ಕು, ಬಿಲ್. ಭಾರವೆಲ್ಲ ಸದರಿ ಪಾಲಿನ ಮೇಲೆ. ಉಳಿದ ಐವರು ತಕರಾರು ಮಾಡತಕ್ಕದ್ದಲ್ಲ. ಪಾಲು ಆರು, ಟಿ. ಬೋರವೆಲ್ ಸಮೇತ."

ಹೊಲದ ತುಂಬ ನಗು ಎದ್ದಿತು. ಹೆಡ್‌ಮಾಸ್ತರರು ನಗು ತಡೆಯಲು ಸೈಕಲಿನ ಬೆಲ್ ಹಿಡಿದುಕೊಳ್ಳಲು ಹೋಗಿ ಅದನ್ನು ಬಾರಿಸಿಬಿಟ್ಟರು. ಕಮಲಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಇಚಲಕರಂಜಿಯ ಹುಡುಗ ಹೋದನಲ್ಲ ಎಂದು ದುಂಡವ್ವನಿಗೆ ಮಾತ್ರ ತುಸು ಬೇಸರವಾಯಿತು.

ಬಾಳಾಸಾಬ ನಗಲಿಲ್ಲ. "ಒಡದ ಮ್ಯಾಲ ಅದು ಮತ್ತ ಕೂಡತೈತೇನ, ಅಣ್ಣಾ?"

"ಕೂಡಿಸಿ ಹೇಳಾಕ ಒಡದದ್ದಲೇ! ನನ್ನ ನಾಲಿಗಿಗೆ ಒಮ್ಮಿಗೆ ಬರವಲ್ದು. ನಗೆಗೇಡ ಆಗಬಾರದಂತ ಬಾಗಲಾ ಹಾಕ್ಕೊಂಡ ಕುಂತಿದ್ದೆ." ಕಾಕಾಸಾಹೇಬರು ಒಲೆಯ ಮೇಲಿನ ಸಣ್ಣ ಗಡಿಗೆಯತ್ತ ಕೈ ಮಾಡಿದರು. "ನಿನ್ನ ಬಿಟ್ಟ ನನಗ ತುತ್ತ ಇಳೀತೈತೇನಲೇ, ಹುಚ್ಚ?"

ಬಾಳಾಸಾಬ ಎದ್ದು ಬಂದು ಕಾಗದ ಇಸಿದುಕೊಂಡ. ಓದಲು ಅಷ್ಟಾಗಿ ಬರದಿದ್ದರೂ ಮೇಲಿನಿಂದ ಕೆಳಗಿನ ತನಕ ನೋಡಿದ. "ಭಾರ ಯಾವದರ ಮ್ಯಾಲ ಅಂದ್ರಿ, ತಲಾಟಿ ಸಾಹೇಬ್ರ?"

"ನಾಲ್ಕನೇದರ ಮ್ಯಾಲ. ಬಿಲ್."

"ಅದು ನಂದು. ಕಿರಿಯಾಂವ ಆರಿಸ್ಯಾನಂತ ಬರಕೋರಿ," ಎಂದು ಹೇಳಿ, ಮೂರು ಕಲ್ಲಿನ ಒಲೆಯನ್ನು ಕಾಲಿನಿಂದ ಒದ್ದು ಎಮ್ಮೆಯ ಹಗ್ಗ ಬಿಚ್ಚಿದ.

ಗ್ಯಾದರಿಂಗಿನ ದಿನ ಇಳಿಹೊತ್ತಿನಲ್ಲಿ ಶಾಲೆಯ ಬಯಲು ತುಂಬಿತ್ತು. ಬೆಂಚು ಜೋಡಿಸಿದ ವೇದಿಕೆಯ ಮೇಲೆ ಚಿಕ್ಕೋಡಿಯ ಸಾಹೇಬರು, ಹೆಡ್‌ಮಾಸ್ತರರು, ನಡುವೆ ಇಸ್ತ್ರಿ ಮಾಡಿದ ರುಮಾಲು ಸುತ್ತಿದ ಕಾಕಾಸಾಹೇಬರು. ಎದ್ದು ಮೈಕಿನ ಮುಂದೆ ನಿಂತರು.

"ಮಕ್ಕಳನ್ನ ಓದಸೂದು ನಮ್ಮೆಲ್ಲಾರ ರಿ... ಸ್ಪಾನ್... ಸಿ..."

ನಿಂತರು. ಬಾಯಿ ಮುಚ್ಚಿಕೊಂಡು ಸುಮ್ಮನೆ ನಿಂತರು. ಕೆಳಗೆ ಶಾಂತಿನಾಥ ಮಾಸ್ತರರು ಕಣ್ಣು ಮುಚ್ಚಿಕೊಂಡರು. ಹೆಡ್‌ಮಾಸ್ತರರು ಕುರ್ಚಿ ಮುಂದೆ ಎಳೆದು ಪಿಸುಗುಟ್ಟಿದರು: "ಬಿಲ್ ರಿ, ಬಿಲ್!"

"ಗೊತ್ತೈತ್ರಿ," ಎಂದರು ಕಾಕಾಸಾಹೇಬರು. ಮೈಕಿಗೆ ಕೈ ಅಡ್ಡ ಹಿಡಿದಿದ್ದರೂ ಊರಿಗೆಲ್ಲ ಕೇಳಿಸಿತು. "ಅದು ನಂದಲ್ಲ. ನನ್ನ ತಮ್ಮ ಆರಿಸ್ಯಾನ. ಪಂಚ ಆದಾಂವ ಇನ್ನೊಬ್ಬರ ಪಾಲಿಗೆ ಬಾಯಿ ಹಾಕೂದು ಹ್ಯಾಂಗ್ರಿ?"

ಸಾಹೇಬರು ಹೆಡ್‌ಮಾಸ್ತರರನ್ನು ನೋಡಿದರು. ಹೆಡ್‌ಮಾಸ್ತರರು ಆಕಾಶ ನೋಡಿದರು. ಬಾಳಾಸಾಬ ಕುರ್ಚಿಯಲ್ಲಿ ಕೂರುವ ಗಿರಾಕಿಯಲ್ಲ, ಹಿಂದೆ ಕಂಪೌಂಡಿಗೆ ಒರಗಿ ನಿಂತಿದ್ದ. ಇಡೀ ಜನ ಅವನ ಕಡೆ ತಿರುಗಿತು.

"ನೀನ ಹೇಳ, ಅಣ್ಣಾ!" ಎಂದು ಅಲ್ಲಿಂದಲೇ ಕೈ ಬೀಸಿದ.

"ನಿಂದು ನೀ ಹೇಳ. ನಾ ತಡೀತೀನಿ."

ಬಾಳಾಸಾಬ ಅತ್ತಿತ್ತ ನೋಡಿದ. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಎರಡೂ ಕೈ ಬಾಯಿಯ ಸುತ್ತ ಹಿಡಿದು, ಹೊಳೆಯ ಆಚೆ ದಂಡೆಯ ಎಮ್ಮೆಯನ್ನು ಕರೆಯುವಷ್ಟು ದನಿ ತೆಗೆದು ಕೂಗಿದ: "ಬಿಲ್ಲ್!"

ಬೇವಿನ ಗಿಡದ ಕಾಗೆಗಳು ಎದ್ದು ಹೋದವು. "ಇ, ಟಿ," ಎಂದು ಕಾಕಾಸಾಹೇಬರು ತಮ್ಮದನ್ನು ಹಗುರಾಗಿ ಮುಗಿಸಿದರು. ತಮ್ಮ ಇಷ್ಟು ವರ್ಷದ ನೌಕರಿಯಲ್ಲಿ ಯಾವ ವಿದ್ಯಾರ್ಥಿಯೂ ಭಾರವನ್ನು ಇಷ್ಟು ಸರಿಯಾದ ಜಾಗದಲ್ಲಿ ಹಾಕಿರಲಿಲ್ಲ ಎಂದು ಶಾಂತಿನಾಥ ಮಾಸ್ತರರು ಪಕ್ಕದವರಿಗೆ ಹೇಳಿದರು. ಅವರ ನೌಕರಿಗೆ ಆಗ ಎರಡು ವರ್ಷವಾಗಿತ್ತು.

ಚಪ್ಪಾಳೆ ನಿಂತ ಮೇಲೆ ಸಾಹೇಬರು ನಗುತ್ತ ಕೇಳಿದರು: "ಎಷ್ಟು ಓದಿದ್ದಾರೆ ನಿಮ್ಮ ತಮ್ಮ?"

"ಎರಡನೇತ್ತೆ ರಿ."

ಜನ ಮತ್ತೆ ನಕ್ಕಿತು. ಕಾಕಾಸಾಹೇಬರು ನಗಲಿಲ್ಲ. ಮೈಕಿಗೆ ಅಡ್ಡ ಹಿಡಿದಿದ್ದ ಕೈ ತೆಗೆದರು.

"ನಗಬ್ಯಾಡ್ರಿ. ಅಪ್ಪ ತೀರಕೊಂಡಾಗ ನಮ್ಮಿಬ್ಬರಾಗ ಒಬ್ಬಾಂವ ಎಮ್ಮಿ ಹಿಂದ ಹೋಗಬೇಕಾಗಿತ್ತು. ನನಗ ಸಾಲಿ ಅಂದ್ರ ಜೀವ ಅಂತ ಇವಗ ಗೊತ್ತಿತ್ತು. ಎಂಟ ವರ್ಷದ ಹುಡುಗ, ತಾನ ಬಂದು ತನ್ನ ಪಾಟಿ, ಬಳಪಾ ನನ್ನ ಕೈಯಾಗ ಕೊಟ್ಟ, ನಾ ತಗೊಂಡೆ. ನಾ ಏಳನೇತ್ತೆ ಕಲತದ್ದು, ಪಂಚ ಆದದ್ದು, ಇವತ್ತ ಈ ಕುರ್ಚಿ ಮ್ಯಾಲ ಕುಂತದ್ದು, ಎಲ್ಲಾ ಅವನ ಪಾಟಿಯಿಂದ. ಊರ ಮಂದಿಗೆಲ್ಲಾ ಕಿರಿಯಾಂವ ಮದಲ ಆರಿಸಲಿ ಅಂತ ಹೇಳಕೋತ ಬಂದೀನಿ. ನಮ್ಮ ಮನ್ಯಾಗ ಮಾತ್ರ ಹಿರಿಯಾಂವ ನಾನ ಮದಲ ಆರಿಸಿದ್ದೆ. ನಲವತ್ತ ವರ್ಷ ಇದನ್ನ ಯಾರ ಮುಂದೂ ಹೇಳಿರಲಿಲ್ಲ."

ಬಾಳಾಸಾಬ ಜನರ ನಡುವೆ ದಾರಿ ಮಾಡಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ವೇದಿಕೆಯ ತನಕ ಬಂದ. ಅಣ್ಣನ ಧೋತರದ ಚುಂಗು ಹಿಡಿದು ಜಗ್ಗಿದ. ಗುಟ್ಟಾಗಿ ಹೇಳುತ್ತಿದ್ದೇನೆ ಎಂದುಕೊಂಡಿದ್ದ, ಮೈಕು ಅದನ್ನೂ ಊರಿಗೆ ಮುಟ್ಟಿಸಿತು.

"ಇದನ್ನೆಲ್ಲಾ ಮೈಕಿನಾಗ ಯಾಕ ಹೇಳತಿ? ಇಳಿ ಕೆಳಗ. ಹೊತ್ತ ಮುಳಗಾಕ ಬಂತು, ಉಣ್ಣೂದೈತಿ."

ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಬಹುಮಾನ ಹಂಚುವುದು ಇನ್ನೂ ಬಾಕಿ ಇತ್ತು. ಅಧ್ಯಕ್ಷರು ಸಾಹೇಬರಿಗೆ ಕೈ ಮುಗಿದು, ವೇದಿಕೆ ಇಳಿದು, ತಮ್ಮನ ಜೊತೆ ಮನೆಗೆ ಊಟಕ್ಕೆ ಹೋದರು.